ಮೂವತ್ತೇಳನೆಯ ಹಲ್ಲು

"ಮೂವತ್ನಾಲ್ಕು, ಮೂವತ್ತೈದು... ಇದೊಂದು ಮುರಿದದ್ದು. ಸೇರಿಸಿದ್ರೆ ಮೂವತ್ತಾರು. ಬರ್ಕೊಳ್ರೀ."

ಠಾಣೆಯ ರೈಟರ್ ಬರೆದುಕೊಂಡ. ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಇಟ್ಟಿದ್ದ ಕಬ್ಬಿಣದ ಹಲ್ಲುಚಕ್ರವನ್ನು ಇನ್ಸ್‌ಪೆಕ್ಟರ್ ಮತ್ತೊಮ್ಮೆ ತಿರುಗಿಸಿ ನೋಡಿದಳು. ಊಟದ ತಟ್ಟೆಯಷ್ಟು ಅಗಲದ ಚಕ್ರ. ಒಂದು ಹಲ್ಲು ಬುಡದಲ್ಲೇ ಮುರಿದಿತ್ತು. ಮುರಿದ ಜಾಗಕ್ಕೆ ದಪ್ಪ ತುಕ್ಕು ಹಿಡಿದಿತ್ತು. ಈ ನಾಲ್ಕು ದಿನದಲ್ಲಿ ಆ ಮುರಿದ ಹಲ್ಲನ್ನು ನೋಡದವರಿಲ್ಲ. ಉಳಿದ ಹಲ್ಲುಗಳನ್ನು ಎಣಿಸಿದವರು ಮಾತ್ರ ಒಬ್ಬರೂ ಇರಲಿಲ್ಲ. ಆರೋಪಪಟ್ಟಿಯಲ್ಲಿ ವಸ್ತುವಿನ ವಿವರ ಬರೆಯಬೇಕಾಗಿ ಬಂದದ್ದರಿಂದ ಈಗ ಎಣಿಕೆಯಾಯಿತು.

"ಎಷ್ಟು ಅಂದ್ರಿ ಮೇಡಂ?"

ಕೇಳಿದವನು ಕಂಬಿಗಳ ಆಚೆ ಗೋಡೆಗೊರಗಿ ಕೂತಿದ್ದ ಫಿಟರ್. ರಟ್ಟಿನ ಕಾರ್ಖಾನೆಯಲ್ಲಿ ರೋಲರ್ ಒರೆಸುತ್ತಿದ್ದ ಅವನ ಸ್ವಂತ ಅಕ್ಕ ಅದೇ ರೋಲರ್‌ಗಳ ನಡುವೆ ಸಿಕ್ಕಿ ಸತ್ತಿದ್ದಳು. ಮೂರು ತಿಂಗಳಿಂದ ಮುರಿದೇ ಇದ್ದ ಚಕ್ರವನ್ನು ಬದಲಾಯಿಸದ ಇವನ ಸೋಮಾರಿತನದಿಂದಲೇ ನಿಂತಿದ್ದ ರೋಲರ್ ತಾನಾಗಿ ಜಾರಿ ಅವಳನ್ನು ತಿಂದಿತೆಂದು ಹಿಡಿದು ತಂದಿದ್ದರು.

"ಮೂವತ್ತಾರು. ಯಾಕೆ?"

"ಹಾಗಿದ್ರೆ ಅದು ನನ್ನ ಚಕ್ರ ಅಲ್ಲ." ಅವನು ಎದ್ದು ಬಂದು ಕಂಬಿ ಹಿಡಿದುಕೊಂಡ. ನಾಲ್ಕು ದಿನದಿಂದ ಅವನ ಹೊಟ್ಟೆಗೆ ಬಿದ್ದದ್ದು ಬರೀ ಟೀ. "ನಾನು ಹಾಕಿದ್ದು ಮೂವತ್ತೇಳು ಹಲ್ಲಿಂದು. ಎಂಟು ತಿಂಗಳ ಹಿಂದೆ ಹಾಕಿದ್ದು. ಇದನ್ನ ಯಾರು ತಂದಿಟ್ರು?"

ರೈಟರ್ ನಕ್ಕ. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಇವನಿಗೆ ಹಲ್ಲೇ ಒಂದು ಜಾಸ್ತಿ."

ಇನ್ಸ್‌ಪೆಕ್ಟರ್ ನಗಲಿಲ್ಲ. ಠಾಣೆಯಲ್ಲಿ ಬೆನ್ನ ಹಿಂದೆ ಆಕೆಗಿದ್ದ ಹೆಸರು ಜಿಗಣೆ. ಅಂಟಿಕೊಂಡರೆ ಹೊಟ್ಟೆ ತುಂಬುವವರೆಗೂ ಬಿಡುವವಳಲ್ಲ ಎಂದು ಅರ್ಥ. ಆ ಹೆಸರು ಆಕೆಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಕುರ್ಚಿಯನ್ನು ಕಂಬಿಯ ಹತ್ತಿರಕ್ಕೆ ಎಳೆದುಕೊಂಡಳು.

"ಮೂವತ್ತಾರಾದ್ರೇನು, ಮೂವತ್ತೇಳಾದ್ರೇನು? ತಪ್ಪು ನೆನಪಿರಬಹುದು."

"ಅದು ನೆನಪಲ್ಲ ಮೇಡಂ, ಅದು ನಮ್ಮಪ್ಪನ ಪಾಠ. ಮೂವತ್ತಾರು ಹಲ್ಲಿಂದನ್ನ ನಾನು ಸತ್ರೂ ಹಾಕ್ತಿರ್ಲಿಲ್ಲ. ಅವು ನೆಂಟ್ರು."

"ಯಾರು ನೆಂಟ್ರು?"

"ಚಕ್ರಗಳು. ರೋಲರ್ ಕಡೆ ಇರೋ ದೊಡ್ಡ ಚಕ್ರಕ್ಕೆ ಎಂಬತ್ನಾಲ್ಕು ಹಲ್ಲು. ಎಂಬತ್ನಾಲ್ಕಕ್ಕೂ ಮೂವತ್ತಾರಕ್ಕೂ ನೆಂಟಸ್ತನ ಇದೆ. ಒಂದು ಸೀಮೆಸುಣ್ಣ ಕೊಡಿ, ತೋರಿಸ್ತೀನಿ."

ಅವನು ನೆಲದ ಮೇಲೆ ಎರಡು ಅಂಕಿ ಬರೆದ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದ, ಉಳಿದದ್ದರಲ್ಲಿ ಮತ್ತೆ ಚಿಕ್ಕದನ್ನು ಕಳೆದ. ಎಂಬತ್ನಾಲ್ಕರಲ್ಲಿ ಮೂವತ್ತಾರು ಹೋದರೆ ನಲವತ್ತೆಂಟು. ಅದರಲ್ಲಿ ಮೂವತ್ತಾರು ಹೋದರೆ ಹನ್ನೆರಡು. ಈಗ ಮೂವತ್ತಾರೇ ದೊಡ್ಡದಾಯಿತು. ಅದರಲ್ಲಿ ಹನ್ನೆರಡು ಹೋದರೆ ಇಪ್ಪತ್ನಾಲ್ಕು, ಇನ್ನೊಮ್ಮೆ ಹೋದರೆ ಹನ್ನೆರಡು. ಎರಡು ಕಡೆಯೂ ಹನ್ನೆರಡೇ ಉಳಿಯಿತು.

"ಎರಡೂ ಕಡೆ ಒಂದೇ ಅಂಕಿ ಬಂದ್ರೆ ನಿಲ್ಲಿಸ್ಬೇಕು. ಅದೇ ಅವರ ನೆಂಟಸ್ತನ. ಹನ್ನೆರಡು."

ಜಿಗಣೆಗೆ ಎಲ್ಲೋ ಮರೆತುಹೋಗಿದ್ದ ಒಂದು ಬೆಂಚು, ಒಂದು ಬೆತ್ತ, ಬಿಸಿಯಾದ ಕಿವಿ ನೆನಪಾದವು. "ಇದು ಮಸಾಅ ಅಲ್ವೇನೋ? ಮಹತ್ತಮ ಸಾಮಾನ್ಯ ಅಪವರ್ತನ. ಎರಡು ಸಂಖ್ಯೇನೂ ಶೇಷ ಇಲ್ದೆ ಭಾಗಿಸೋ ಅತಿ ದೊಡ್ಡ ಸಂಖ್ಯೆ. ಇದನ್ನ ಕಲಿಯೋಕೆ ನಾನು ತಿಂದ ಏಟು ಅಷ್ಟಿಷ್ಟಲ್ಲ."

"ಇರಬಹುದು ಮೇಡಂ. ನಮ್ಮಪ್ಪ ಶಾಲೆಗೆ ಹೋದೋರಲ್ಲ. ಅವರು ನೆಂಟಸ್ತನ ಅಂತಲೇ ಹೇಳ್ಕೊಟ್ರು."

"ಆ ನೆಂಟಸ್ತನ ಇದ್ರೆ ಏನಾಗುತ್ತೆ?"

"ಚಕ್ರ ಹಾಳಾಗುತ್ತೆ. ಚಿಕ್ಕ ಚಕ್ರದ ಒಂದು ಹಲ್ಲಲ್ಲಿ ದೋಷ ಇದೆ ಅಂದ್ಕೊಳ್ಳಿ. ಚಿಕ್ಕದು ಏಳು ಸುತ್ತು, ದೊಡ್ಡದು ಮೂರು ಸುತ್ತು ತಿರುಗೋಷ್ಟ್ರಲ್ಲಿ ಎರಡೂ ಹೊರಟ ಜಾಗಕ್ಕೇ ಬರ್ತವೆ. ಅಷ್ಟ್ರಲ್ಲಿ ಆ ಕೆಟ್ಟ ಹಲ್ಲು ದೊಡ್ಡ ಚಕ್ರದ ಏಳೇ ಏಳು ಹಲ್ಲಿಗೆ ತಾಕಿರುತ್ತೆ. ಹನ್ನೆರಡು ಹಲ್ಲಿಗೊಂದು. ಆಮೇಲೆ ವರ್ಷಗಟ್ಲೆ ಓಡಿದ್ರೂ ಅದೇ ಏಳು ಹಲ್ಲಿಗೇ ಗುದ್ದು. ಬೇರೆಯವಕ್ಕೆ ಒಂದು ಗೀರೂ ಬೀಳಲ್ಲ."

"ಮೂವತ್ತೇಳಾದ್ರೆ?"

ಅವನು ಮತ್ತೆ ಕಳೆಯುತ್ತಾ ಹೋದ. ನಲವತ್ತೇಳು, ಹತ್ತು, ಮೂವತ್ತೇಳರಲ್ಲಿ ಹತ್ತು ಹತ್ತಾಗಿ ಹೋಗಿ ಏಳು, ಹತ್ತರಲ್ಲಿ ಏಳು ಹೋಗಿ ಮೂರು, ಕೊನೆಗೆ ಉಳಿದದ್ದು ಒಂದು.

"ಒಂದು ಉಳಿದ್ರೆ ನೆಂಟ್ರಲ್ಲ ಅಂತ. ಆಗ ಒಂದು ಹಲ್ಲು ಎದುರಿನ ಎಂಬತ್ನಾಲ್ಕಕ್ಕೂ ಸರದಿ ಪ್ರಕಾರ ತಾಕುತ್ತೆ. ಸವೆದ್ರೆ ಎಲ್ಲಾ ಒಂದೇ ಸಮ ಸವೆಯುತ್ತೆ. ಅದಕ್ಕೇ ಅಪ್ಪ ಬೇರಿಂಗನ್ನ ಕೂದಲೆಳೆಯಷ್ಟು ಸರಿಸಿಯಾದ್ರೂ ಒಂದು ಹಲ್ಲು ಹೆಚ್ಚಿರೋದನ್ನೇ ಹಾಕು ಅನ್ನೋರು."

ಅಷ್ಟು ಹೇಳಿ ಅವನು ಸೀಮೆಸುಣ್ಣ ಕೆಳಗಿಟ್ಟ. ಮಾತಿನ ಬಿಸಿ ಆರಿತು, ಮತ್ತೆ ಆ ನಾಲ್ಕು ದಿನದ ಮುಖವೇ ಬಂತು.

"ಮೇಡಂ, ಅಮ್ಮ ಏನಾದ್ರೂ ಬಂದಿದ್ರಾ?"

"ಇಲ್ಲ."

"ಬರಲ್ಲ. ಅಕ್ಕನ್ನ ಕೊಂದವನ ಮುಖ ಯಾಕೆ ನೋಡ್ತಾಳೆ?" ಅವನು ಗೋಡೆಯ ಕಡೆ ತಿರುಗಿದ. "ಭಾವ ದಿನಾ ಮಧ್ಯಾಹ್ನ ಡಬ್ಬಿ ತರ್ತಾರೆ, ಪಾಪ. ಅಮ್ಮ ಮಾಡಿದ್ದಾ ಅಂತ ಕೇಳ್ತೀನಿ. ಇಲ್ಲ ಕಣೋ, ಹೋಟೆಲಿಂದು ಅಂತಾರೆ. ನನಗೆ ಗಂಟಲಲ್ಲಿ ಇಳಿಯಲ್ಲ. ಅಮ್ಮ ಒಂದು ತುತ್ತು ಕಳಿಸಿದ್ರೆ ಸಾಕು ಮೇಡಂ, ಆಮೇಲೆ ಜೈಲಿಗಾದ್ರೂ ಕಳ್ಸಿ, ಎಲ್ಲಿಗಾದ್ರೂ ಕಳ್ಸಿ."

ಮಾರನೆಯ ದಿನ ಹನ್ನೊಂದಕ್ಕೆ ಕೋರ್ಟು. ಜಿಗಣೆ ಟೋಪಿ ಎತ್ತಿಕೊಂಡು ಹೊರಟಳು.

*

ಕಾರ್ಖಾನೆಯ ಯಂತ್ರದ ಕೋಣೆಗೆ ಪೊಲೀಸರೇ ಹಾಕಿದ್ದ ಮುದ್ರೆಯನ್ನು ಹಿರಿಯ ಪೇದೆ ಒಡೆದ. ಒಳಗೆ ಹಸಿ ರಟ್ಟಿನ, ಅಂಟಿನ ಹುಳಿ ವಾಸನೆ. ಎರಡಾಳುದ್ದದ ಎರಡು ರೋಲರ್‌ಗಳು ಒಂದರ ಮೇಲೊಂದು ಸುಮ್ಮನೆ ಮಲಗಿದ್ದವು. ಯಾರೋ ತೊಳೆದಿದ್ದರು, ಆದರೆ ಚೆನ್ನಾಗಿ ತೊಳೆದಿರಲಿಲ್ಲ. ಪೇದೆ ಆ ಕಡೆ ನೋಡದೆ ಕಿಟಕಿಯ ಹತ್ತಿರ ಹೋಗಿ ನಿಂತ.

ಬೆಳಕು ಸಾಲದೆ ಟಾರ್ಚ್ ಬೇಕಾಯಿತು. ತಂದುಕೊಟ್ಟವನು ಸತ್ತವಳ ಗಂಡ, ಅದೇ ಕಾರ್ಖಾನೆಯ ಸ್ಟೋರ್ ಕೀಪರ್. ತೆಳ್ಳನೆಯ ಮೃದು ಮಾತಿನ ಮನುಷ್ಯ. ಕಣ್ಣು ಅತ್ತು ಅತ್ತು ಊದಿದ್ದವು. ಅವನ ಸ್ಟೋರು ಪಕ್ಕದ ಕೋಣೆಯಲ್ಲೇ. ತೆರೆದ ಬಾಗಿಲಿನಿಂದ ಬೋಲ್ಟಿನ ಪೆಟ್ಟಿಗೆಗಳು, ಗ್ರೀಸಿನ ಡಬ್ಬಗಳು, ಮೇಲಿನ ಹಲಗೆಯಲ್ಲಿ ಇಲಿ ಪಾಷಾಣದ ಡಬ್ಬಗಳು ಕಾಣುತ್ತಿದ್ದವು.

"ಅಂಟಿನ ವಾಸನೆಗೆ ಇಲಿ ಬರ್ತಾವೆ ಮೇಡಂ," ಎಂದ ಅವನು, ಆಕೆ ನೋಡಿದ್ದನ್ನು ಕಂಡು. "ನೀವು ಕೂತ್ಕೊಳ್ಳಿ. ಟಾರ್ಚು ನಾನು ಹಿಡೀತೀನಿ. ನೀರು ತರ್ಲಾ?"

"ಬೇಡ."

ಅವನು ಸ್ಟೂಲು ತರಲು ಹೋದಾಗ ಪೇದೆ ಆಕೆಯ ಕಿವಿಯ ಹತ್ತಿರ ಬಂದ. "ಅತಿ ವಿನಯಂ ಧೂರ್ತ ಲಕ್ಷಣಂ."

"ಸುಮ್ನಿರಿ. ಹೆಂಡ್ತಿ ಸತ್ತಿದ್ದಾಳೆ ಅವನಿಗೆ. ಲಾಕಪ್ಪಲ್ಲಿರೋ ಬಾಮೈದನಿಗೆ ದಿನಾ ಊಟ ಹೊರ್ತಿದ್ದಾನೆ. ನಿಮ್ಮ ಬಾಮೈದನಿಗೆ ನೀವು ಒಂದು ಲೋಟ ನೀರು ಕೊಟ್ಟಿದ್ದೀರಾ?"

ಪೇದೆಗೆ ಬಾಮೈದ ಎಂದರೆ ಹಲ್ಲುನೋವು. ಬಾಯಿ ಮುಚ್ಚಿಕೊಂಡ.

ಪಕ್ಕದ ಮುಚ್ಚಳ ತೆಗೆದಾಗ ದೊಡ್ಡ ಚಕ್ರ ಕಾಣಿಸಿತು. ಚಿಕ್ಕದನ್ನು ಪೊಲೀಸರು ಒಯ್ದಿದ್ದರು. ಇದನ್ನು ಯಾರೂ ಮುಟ್ಟಿರಲಿಲ್ಲ. ಜಿಗಣೆ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಗ್ರೀಸು ಒರೆಸುತ್ತಾ ಒಂದೊಂದನ್ನೇ ಬೆರಳಿನಿಂದ ಸವರಿ ಎಣಿಸಿದಳು. ಮುಗಿಸುವ ಹೊತ್ತಿಗೆ ಮೊಣಕೈವರೆಗೂ ಕಪ್ಪಾಗಿತ್ತು. ಎಂಬತ್ನಾಲ್ಕು. ಹುಡುಗ ಹೇಳಿದ್ದು ಒಂದೂ ತಪ್ಪಿರಲಿಲ್ಲ.

ಗುದ್ದು ತಿಂದ ಏಳು ಹಲ್ಲನ್ನು ಹುಡುಕಿದಳು. ಹನ್ನೆರಡಕ್ಕೊಂದರಂತೆ ನೋಡಿದಳು. ಒಂದರಿಂದ ಶುರುಮಾಡಿದಳು, ಎರಡರಿಂದ ಶುರುಮಾಡಿದಳು, ಹನ್ನೆರಡೂ ಕಡೆಯಿಂದ ಶುರುಮಾಡಿ ನೋಡಿದಳು. ಎಲ್ಲಿಯೂ ಒಂದು ಗುದ್ದಿನ ಗುರುತೂ ಇಲ್ಲ. ಎಂಬತ್ನಾಲ್ಕು ಹಲ್ಲೂ ಒಂದೇ ಸಮನಾಗಿ ಸವೆದು ಬೆಳ್ಳಗೆ ಹೊಳೆಯುತ್ತಿದ್ದವು.

"ಮೂರು ತಿಂಗಳು ಆ ಮುರಿದ ಚಕ್ರ ಇಲ್ಲಿ ಓಡಿಲ್ಲ," ಎಂದಳು ನಿಧಾನವಾಗಿ. "ಮೂರು ತಿಂಗಳೇನು, ಮೂರು ನಿಮಿಷವೂ ಓಡಿಲ್ಲ. ಮುರಿದ ಜಾಗದ ತುಕ್ಕು ನೋಡಿ ನಮ್ಮವರು ಹುಡುಗನ್ನ ಹಿಡಿದ್ರು. ತುಕ್ಕು ಹಳೇದೇ, ಆದ್ರೆ ಅದು ಗುಜರಿಯ ತುಕ್ಕು. ಹುಡುಗ ಹಾಕಿದ ಗಟ್ಟಿ ಚಕ್ರವನ್ನ ತೆಗೆದು, ಯಾರೋ ಆ ಮುರಿದದ್ದನ್ನ ಇಟ್ಟಿದ್ದಾರೆ."

ಟಾರ್ಚಿನ ಬೆಳಕು ಅಲುಗಾಡಿತು. "ಅಂದ್ರೆ ನನ್ನ ಬಾಮೈದನ ತಪ್ಪಿಲ್ಲ?"

"ಇಲ್ಲ."

"ದೇವರು ದೊಡ್ಡೋನು." ಅವನು ಸ್ಟೂಲಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಬೆರಳ ಸಂದಿಯಿಂದ ಕೇಳಿದ: "ಹಾಗಾದ್ರೆ... ನನ್ನ ಹೆಂಡ್ತಿ ಹೇಗೆ...?"

ಇಲ್ಲಿ ಬಾಯಿಗೆ ಬೀಗ ಹಾಕಬೇಕಿತ್ತು. ಇಪ್ಪತ್ತಾರು ವರ್ಷ ಸರ್ವಿಸಾದವಳು. ಆದರೆ ಒಬ್ಬ ನಿರಪರಾಧಿ ತನ್ನ ಕೈಯಿಂದ ಉಳಿದುಕೊಂಡನೆಂಬ ಖುಷಿಯಲ್ಲಿ ಆಕೆ ಮೈಮರೆತಿದ್ದಳು.

"ಯಂತ್ರ ಸರಿ ಇತ್ತು ಅಂದ್ರೆ ರೋಲರ್ ತಾನಾಗಿ ಜಾರೋ ಹಾಗಿಲ್ಲ. ಅವರು ಒರೆಸ್ತಿದ್ದಾಗ ಯಾರೋ ಸ್ವಿಚ್ ಹಾಕಿದ್ದಾರೆ. ರೋಲರ್ ಒರೆಸೋರು ಸ್ವಿಚ್ಚಿನ ಹಿಡಿಗೆ ತಮ್ಮ ಸ್ವಂತ ಬೀಗ ಹಾಕಿ ಕೀ ಜೇಬಲ್ಲಿ ಇಟ್ಕೋಬೇಕು, ಅಲ್ವಾ? ಅವರ ಜೇಬಲ್ಲಿ ಕೀ ಸಿಕ್ಕಿದೆ. ಬೀಗ ಎಲ್ಲೂ ಇಲ್ಲ. ನಾಲ್ಕು ದಿನದಿಂದ ನನ್ನ ತಲೆ ತಿಂತಿರೋದು ಅದೇ. ಅವತ್ತು ಬೆಳಿಗ್ಗೆ ಆ ಚಿಕ್ಕ ಚಕ್ರ ಬಿಚ್ಚಿದ್ದು ಯಾರು?"

ಅವನು ತಲೆ ತಗ್ಗಿಸಿದ. ಹೇಳಲಾರದೆ ಹೇಳುವವನಂತೆ ತುಟಿ ಕಚ್ಚಿಕೊಂಡ.

"ನಮ್ಮ ಮಾವ. ಅವಳನ್ನ ಹೊರಗೆ ತೆಗೀಬೇಕಾದ್ರೆ ರೋಲರ್ ಹಿಂದಕ್ಕೆ ತಿರುಗಿಸ್ಬೇಕಿತ್ತು. ಬಾಮೈದ ನೋಡಿದವನೇ ಪ್ರಜ್ಞೆ ತಪ್ಪಿ ಬಿದ್ದ. ರಿಟೈರಾದ ಮುದುಕರು, ಮನೆಯಿಂದ ಓಡಿ ಬಂದು ಅವರೇ ಬಿಚ್ಚಿದ್ರು. ನಮ್ಮನ್ನೆಲ್ಲ ಹೊರಗೆ ಕಳಿಸಿದ್ರು. ನನ್ನ ಮಗಳನ್ನ ಯಾರೂ ನೋಡಬೇಡಿ ಅಂದ್ರು."

ಜಿಗಣೆ ಕೈ ಒರೆಸಿಕೊಂಡು ಎದ್ದಳು. ಅವನೂ ಎದ್ದ.

"ಮೇಡಂ, ಹನ್ನೆರಡೂವರೆ ಆಯ್ತು. ನಾನು ಡಬ್ಬಿ ತಗೊಂಡು ಠಾಣೆಗೆ ಹೋಗ್ಲಾ? ಈ ಸುದ್ದಿ ಕೇಳಿದ್ರೆ ಇವತ್ತಾದ್ರೂ ಎರಡು ತುತ್ತು ತಿಂತಾನೆ."

"ಹೋಗಿ," ಎಂದಳು ಆಕೆ. "ಒಳ್ಳೇ ಕೆಲಸ."

*

ಮುದುಕನ ಮನೆ ಎರಡೇ ಕೋಣೆಯದು. ಮುಂದಿನದರಲ್ಲಿ ಒಂದು ಮಂಚ, ಗೋಡೆಯಲ್ಲಿ ಸಾಲಾಗಿ ಮೊಳೆ, ಮೊಳೆಗೊಂದರಂತೆ ಸ್ಪ್ಯಾನರು. ಹಿಂದಿನದರಲ್ಲಿ ಅಡುಗೆ ಮನೆ. ಅಲ್ಲಿ ಒಲೆಯ ಪಕ್ಕದಲ್ಲೇ ತಾಯಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಒಲೆ ತಣ್ಣಗಿತ್ತು. ತೊಳೆದಿಟ್ಟ ಪಾತ್ರೆಗಳ ಮೇಲೆ ಧೂಳು ಕೂತಿತ್ತು.

"ನಾಲ್ಕು ದಿನದಿಂದ ಒಲೆ ಹಚ್ಚಿಲ್ಲ," ಎಂದ ಮುದುಕ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅವನನ್ನು ದೊಡ್ಡ ಮೇಸ್ತ್ರಿ ಎಂದೇ ಕರೆದಿದ್ದರು. ಈಗಲೂ ನೆಟ್ಟಗೆ ಕೂತಿದ್ದ. "ಪಕ್ಕದ ಮನೆಯೋರು ಏನೋ ತಂದಿಡ್ತಾರೆ. ಕೂತ್ಕೊಳಮ್ಮ. ಏನು ಬಂದ್ರಿ?"

ಜಿಗಣೆ ಮಂಚದ ತುದಿಯಲ್ಲಿ ಕೂತಳು. ಸುತ್ತಿ ಬಳಸಿ ಮಾತಾಡುವ ಮನಸ್ಸಾಗಲಿಲ್ಲ.

"ಯಜಮಾನ್ರೇ, ಎಂಬತ್ನಾಲ್ಕಕ್ಕೂ ಮೂವತ್ತಾರಕ್ಕೂ ನೆಂಟಸ್ತನ ಎಷ್ಟು?"

ಮುದುಕನ ಕೈ ಮಂಡಿಯ ಮೇಲೆ ಹಾಗೇ ನಿಂತಿತು.

"ಹನ್ನೆರಡು."

"ಎಂಬತ್ನಾಲ್ಕು ಹಲ್ಲೂ ಸವರಿ ನೋಡಿ ಬಂದಿದ್ದೀನಿ. ಗುದ್ದಿನ ಗುರುತು ಒಂದೂ ಇಲ್ಲ. ನೀವು ಸುಳ್ಳು ಚಕ್ರ ಇಟ್ರಿ. ಹೆತ್ತ ಮಗನ್ನೇ ಲಾಕಪ್ಪಿಗೆ ಹಾಕಿಸಿದ್ರಿ. ನಿಮಗೆ ತಿಳಿದಿರೋ ಪಾಠ ಇದು, ಈ ಸುಳ್ಳು ಸಿಕ್ಕಿಬೀಳುತ್ತೆ ಅಂತಲೂ ನಿಮಗೆ ಗೊತ್ತಿತ್ತು. ಗುಜರಿ ರಾಶಿಯಿಂದ ಮುರಿದ ಮೂವತ್ತೇಳು ಹಲ್ಲಿಂದು ತಂದಿಟ್ಟಿದ್ರೆ ನಾನು ಜನ್ಮದಲ್ಲಿ ಕಂಡುಹಿಡೀತಿರ್ಲಿಲ್ಲ. ಯಾಕೆ ಇಡ್ಲಿಲ್ಲ?"

ಮುದುಕ ನಕ್ಕ. ಕೇಳಲು ಕಷ್ಟವಾಗುವಂಥ ನಗು.

"ಎಲ್ಲಿಂದ ತರ್ಲಮ್ಮ? ಇಡೀ ರಾಶಿ ಬಗೆದೆ. ಮಗಳು ಅಲ್ಲಿ ಹಾಗೆ ಬಿದ್ದಿದ್ಲು, ನಾನು ಇಲ್ಲಿ ನಾಯಿ ಹಾಗೆ ಗುಜರಿ ಕೆದಕ್ತಿದ್ದೆ. ಮುರಿದ ಮೂವತ್ತೇಳು ಒಂದೂ ಸಿಗ್ಲಿಲ್ಲ. ನೆಂಟ್ರಲ್ಲದ ಚಕ್ರ ಮುರಿಯೋದೇ ಇಲ್ಲ. ಅದಕ್ಕೇ ತಾನೇ ಮೂವತ್ತು ವರ್ಷ ನಾನು ಎಲ್ಲರಿಗೂ ಅದನ್ನೇ ಹಾಕಿಸಿದ್ದು? ಸಿಕ್ಕಿದ್ದು ನಾನು ಬರೋಕೆ ಮುಂಚಿನ ಕಾಲದ್ದು. ನನ್ನ ಜಾಣತನವೇ ನನ್ನನ್ನ ಹಿಡ್ಕೊಟ್ತು."

"ಯಾಕೆ ಮಾಡಿದ್ರಿ?"

ಮುದುಕ ಅಡುಗೆ ಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಚಕ್ರ ಮುರಿದು ಸತ್ಲು ಅಂದ್ರೆ ಮಗನಿಗೆ ಎರಡು ವರ್ಷ ಜೈಲು. ಬರ್ತಾನೆ, ಮದುವೆ ಆಗ್ತಾನೆ, ಬದುಕ್ತಾನೆ. ಕೊಂದ ಅಂದ್ರೆ ಗಲ್ಲು. ಒಬ್ಬಳು ಹೋದ್ಲು. ಇನ್ನೊಬ್ಬನ್ನೂ ಕಳ್ಕೊಳ್ಲಾ?"

ಬಾಗಿಲಲ್ಲಿ ನಿಂತಿದ್ದ ಪೇದೆ ತನಗೆ ತಾನೇ ಎಂಬಂತೆ ಗೊಣಗಿದ. "ಹೆತ್ತವರಿಗೆ ಹೆಗ್ಗಣ ಮುದ್ದು."

ಜಿಗಣೆ ಬೆಳಿಗ್ಗೆಯಿಂದ ಒಬ್ಬ ಹುಡುಗನನ್ನು ಉಳಿಸಲೆಂದು ಹಲ್ಲು ಎಣಿಸಿದ್ದಳು. ಆ ಎಣಿಕೆಯೇ ಈಗ ಹುಡುಗನ ಕೊರಳಿಗೆ ಹಗ್ಗವಾಗುವಂತಿತ್ತು.

"ನಿಮ್ಮ ಮಗನೇ ಸ್ವಿಚ್ ಹಾಕಿದ ಅಂತ ಹೇಗೆ ಹೇಳ್ತೀರಿ?"

"ಹಿಂದಿನ ದಿನ ಇಬ್ರೂ ಜಗಳ ಆಡಿದ್ರು. ಗಂಡನ ಮನೇಲಿ ಇರಲ್ಲ, ಇನ್ನು ಮೇಲೆ ಇಲ್ಲೇ ಇರ್ತೀನಿ ಅಂದ್ಲು. ಯಾಕೆ ಅಂತ ಬಾಯಿ ಬಿಡ್ಲಿಲ್ಲ. ಇವನು, ದೇವರಂಥ ಭಾವನ್ನ ಬಿಟ್ಟು ಬರ್ತೀಯಾ, ಅದಕ್ಕಿಂತ ಸಾಯಿ ಅಂದ. ಸಿಟ್ಟಿನ ಮಾತು ಅಂದ್ಕೊಂಡೆ. ಬೆಳಿಗ್ಗೆ ನೋಡಿದ್ರೆ..."

ಅವನು ಮಂಚದ ಕೆಳಗೆ ಬಗ್ಗಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಎಳೆದ. ಬಿಚ್ಚಿದಾಗ ಒಳಗೊಂದು ಹಲ್ಲುಚಕ್ರ. ಎಣಿಸುವ ಅಗತ್ಯವಿರಲಿಲ್ಲ, ಆದರೂ ಜಿಗಣೆ ಎಣಿಸಿದಳು. ಮೂವತ್ತೇಳು, ಎಲ್ಲವೂ ಗಟ್ಟಿ. ಅದರ ಪಕ್ಕದಲ್ಲಿ ಒಂದು ಸಣ್ಣ ಹಿತ್ತಾಳೆ ಬೀಗ, ಬಾಯಿ ತೆರೆದದ್ದು. ಬೀಗದಲ್ಲೇ ಕೀ. ಕೀಗೆ ಕೆಂಪು ದಾರ.

"ನಾನು ಓಡಿ ಹೋದಾಗ ಇದು ಸ್ವಿಚ್ಚಿನ ಹಿಡಿಯಲ್ಲಿ ಹೀಗೇ ನೇತಾಡ್ತಿತ್ತು. ಒಂದು ಕೀ ಅವಳ ಜೇಬಲ್ಲಿ. ಇನ್ನೊಂದು ಇಲ್ಲಿ, ಈ ಮೊಳೆಯಲ್ಲಿ ಇರ್ತಿತ್ತು. ಗಂಡನ ಮನೇಲಿ ಒಂದು ವಸ್ತೂ ನೆಟ್ಟಗೆ ಉಳಿಯಲ್ಲಪ್ಪ ಅಂತ ಅವಳೇ ತಂದು ನೇತುಹಾಕಿದ್ಲು. ಈ ಮನೇಲಿ ಇರೋದು ನಾನು, ಇವಳು, ಅವನು. ಕೀ ಯಾರು ಒಯ್ದಿರ್ತಾರೆ? ನೀವೇ ಹೇಳಿ."

"ಮಗನ್ನ ಕೇಳಿದ್ರಾ?"

"ಏನಂತ ಕೇಳ್ಲಿ? ಹೌದು ಅಂದ್ಬಿಟ್ರೆ?" ಮುದುಕನ ಬೆನ್ನು ಆಗ ಬಾಗಿತು. "ಅದಕ್ಕೇ ಇವಳನ್ನೂ ಠಾಣೆಗೆ ಕಳಿಸ್ಲಿಲ್ಲ. ಇವಳಿಗೆ ಏನೂ ಗೊತ್ತಿಲ್ಲ. ಈ ಬೀಗ ನಾನು ಯಾರಿಗೂ ತೋರಿಸಿಲ್ಲ."

"ಆ ದಾರ ನಾನು ಕಟ್ಟಿದ್ದು."

ಮೂವರೂ ತಿರುಗಿದರು. ತಾಯಿ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನಾಲ್ಕು ದಿನ ಮಾತಾಡದ ಗಂಟಲು ಒಡೆದು ಹೋಗಿತ್ತು.

"ಅದು ಎಲ್ಲಿ ಸಿಕ್ತು ನಿಮಗೆ?"

"ಒಳಗೆ ಹೋಗು ನೀನು," ಎಂದ ಮುದುಕ.

"ಎಲ್ಲಿ ಸಿಕ್ತು?"

"ಸ್ವಿಚ್ಚಿನ ಮೇಲಿತ್ತಮ್ಮ," ಎಂದಳು ಜಿಗಣೆ. "ಈ ಕೀಯಿಂದ ಬೀಗ ತೆಗೆದು, ಯಂತ್ರ ಶುರುಮಾಡಿದ್ದಾರೆ. ನಿಮ್ಮ ಮಗ ಈ ಕೀ ತಗೊಂಡು ಹೋಗಿದ್ದು ನೀವು ನೋಡಿದ್ರಾ?"

ತಾಯಿ ಮೊಳೆಯನ್ನು ನೋಡಿದಳು, ಬೀಗವನ್ನು ನೋಡಿದಳು, ಗಂಡನನ್ನು ನೋಡಿದಳು. ಮೆಲ್ಲಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಳಗೆ ಕೂತಳು.

"ನನ್ನ ಮಗ ಅದನ್ನ ಮುಟ್ಟಿಲ್ಲ. ಅವನು ಐದಕ್ಕೇ ಬಾಯ್ಲರ್ ಕೆಲಸ ಇದೆ ಅಂತ ಹೋದ. ಆಮೇಲೂ ಕೀ ಮೊಳೆಯಲ್ಲೇ ಇತ್ತು. ಆರು ಗಂಟೆಗೆ ಅಳಿಯಂದ್ರು ಬಂದ್ರು. ಅತ್ತೆ, ನಿಮ್ಮ ಮಗಳು ಕೀ ಮರೆತು ಹೋಗಿದ್ದಾಳೆ, ಕೆಲಸ ಮಾಡೋಕಾಗ್ತಿಲ್ಲ, ಕೊಡಿ ಅಂದ್ರು. ಇವರು ಸ್ನಾನಕ್ಕೆ ಹೋಗಿದ್ರು. ನಾನೇ... ನಾನೇ ಮೊಳೆಯಿಂದ ತೆಗೆದು ಕೈಯಲ್ಲಿ ಕೊಟ್ಟೆ."

ಮುದುಕನ ಕೈಯಿಂದ ಚಕ್ರ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

ಜಿಗಣೆಗೆ ಒಂದರ ಹಿಂದೊಂದು ನೆನಪಾದವು. ಟಾರ್ಚ್ ಹಿಡಿದ ಕೈ. ಬೆರಳ ಸಂದಿಯಿಂದ ಬಂದ ಪ್ರಶ್ನೆ. ತಾನು ಖುಷಿಯಲ್ಲಿ ಅವನೆದುರಿಗೇ ಬಿಚ್ಚಿಟ್ಟ ಪ್ರತಿಯೊಂದು ಮಾತು. ಹುಡುಗ ಜೀವಂತ ಕೋರ್ಟಿಗೆ ಹೋದರೆ ಬೀಗದ ಮಾತು ಬರುತ್ತದೆ, ಎರಡನೇ ಕೀ ಮಾತು ಬರುತ್ತದೆ. ಅಕ್ಕನನ್ನು ಕೊಂದ ಸಂಕಟಕ್ಕೆ ಹುಡುಗ ಲಾಕಪ್ಪಿನಲ್ಲೇ ಸತ್ತನೆಂದಾದರೆ ಯಾವ ಮಾತೂ ಬರುವುದಿಲ್ಲ. ಸ್ಟೋರಿನ ಮೇಲಿನ ಹಲಗೆಯಲ್ಲಿದ್ದ ಇಲಿ ಪಾಷಾಣದ ಡಬ್ಬಗಳು ಕೊನೆಗೆ ನೆನಪಾದವು.

ಪೇದೆ ಆಕೆಯ ಮುಖ ನೋಡಿ, ಕೇಳದೆಯೇ ಫೋನ್ ಕೊಟ್ಟ. ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಆರು ಸಲ ಗಂಟೆಯಾದ ಮೇಲೆ ರೈಟರ್ ಎತ್ತಿಕೊಂಡ.

"ಹಲೋ, ಮೇಡಂ! ನಾನೇ ಫೋನ್ ಮಾಡೋಣ ಅಂತಿದ್ದೆ. ಒಳ್ಳೇ ಸುದ್ದಿ. ನಿಮ್ಮ ಫಿಟರ್ ಕೊನೆಗೂ ಊಟ ಮಾಡ್ತಿದ್ದಾನೆ."

"ಯಾರು ತಂದ್ರು?"

"ಇನ್ಯಾರು, ಅವನ ಭಾವ. ಈಗಷ್ಟೇ ಕೊಟ್ಟು ಹೋದ್ರು. ನಿನ್ನ ತಪ್ಪಿಲ್ಲ ಅಂತ ಗೊತ್ತಾಯ್ತು ಕಣೋ, ಅಮ್ಮನೇ ಇವತ್ತು ಕೈಯಾರೆ ಅಡುಗೆ ಮಾಡಿ ಕಳಿಸಿದ್ದಾರೆ ಅಂದ್ರು. ಅಷ್ಟು ಕೇಳಿದ್ದೇ ತಡ, ಹುಡುಗ ಡಬ್ಬಿನ ಎದೆಗೆ ಅವುಚಿಕೊಂಡ ಮೇಡಂ. ಅಳ್ತಾ ಅಳ್ತಾ ತಿಂತಿದ್ದಾನೆ. ನೋಡಿದ್ರೆ ನಮಗೂ ಕಣ್ಣಲ್ಲಿ ನೀರು ಬರುತ್ತೆ."

ಜಿಗಣೆಯ ಕಣ್ಣು ತಣ್ಣಗಿನ ಒಲೆಯ ಮೇಲೆ ಬಿತ್ತು.

"ಕಿತ್ಕೊಳ್ರೀ ಅದನ್ನ!" ಎಂದು ಆಕೆ ಕಿರುಚಿದಳು. "ಈಗಲೇ! ಬಾಯಿಂದ ಕಿತ್ಕೊಳ್ರೀ!"

ಆ ಕಡೆ ರಿಸೀವರ್ ಮೇಜಿಗೆ ಬಡಿಯಿತು. ಬೂಟುಗಾಲಿನ ಓಟ, ಕಂಬಿ ಬಾಗಿಲ ಕಿರಿಕ್ ಸದ್ದು, ಆಮೇಲೆ ಡಬ್ಬಿಯೊಂದು ನೆಲಕ್ಕೆ ಬಿದ್ದು ಉರುಳುತ್ತಾ ಹೋದ ಸದ್ದು ಕೇಳಿಸಿತು. ಅದನ್ನು ರೈಟರ್ ಕಿತ್ತೆಸೆದನೋ, ಹುಡುಗನ ಕೈಯಿಂದಲೇ ಜಾರಿತೋ ಆಕೆಗೆ ತಿಳಿಯಲಿಲ್ಲ.

"ಏನಂತೆ?" ಎಂದು ಬಾಗಿಲಲ್ಲಿ ಕೂತಿದ್ದ ತಾಯಿ ಕೇಳಿದಳು. "ನನ್ನ ಮಗ ಊಟ ಮಾಡಿದ್ನಂತಾ?"